"ಅಲ್ಲಿ ಯಾರೂ ಇಲ್ಲ" ಎಂದು ಮಗಳಿಗೆ ಹೇಳಿ ಸಿಕ್ಕಿಬಿದ್ದಿದ್ದೇನೆ, ಈಗೇನು ಮಾಡಲಿ?

ನಿದ್ದೆಗೆಟ್ಟ ಅಪ್ಪ
ನನ್ನ ಮಗಳಿಗೆ ಏಳು ವರ್ಷ. ಮಲಗುವ ಮುನ್ನ ಭೂಗೋಳವನ್ನು ಗಿರ್ರನೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಬೆರಳಿಟ್ಟು ನಿಲ್ಲಿಸುವುದು, ಬೆರಳು ಎಲ್ಲಿ ನಿಂತಿತೋ ಅಲ್ಲಿ ಈ ಹೊತ್ತಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ನನ್ನನ್ನು ಕೇಳುವುದು ಅವಳ ನಿತ್ಯದ ಆಟ. ಕಳೆದ ವಾರ ಬೆರಳು ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ನಿಂತಿತು. ನನಗೋ ಕಣ್ಣು ಎಳೆಯುತ್ತಿತ್ತು. "ಅಲ್ಲಿ ಬರೀ ನೀರು ಕಂದಾ, ಯಾರೂ ಇಲ್ಲ" ಎಂದುಬಿಟ್ಟೆ. ಅವಳು ಬೆರಳೆತ್ತಿ ನೋಡಿದಳು. ಸಾಸಿವೆಗಿಂತ ಸಣ್ಣದೊಂದು ಚುಕ್ಕೆ, ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಟ್ರಿಸ್ಟನ್ ಡ ಕುನ್ಹ ಎಂಬ ಹೆಸರು. "ಹೆಸರಿದೆ ಅಂದರೆ ಅದನ್ನು ಕರೆಯುವವರು ಇರಬೇಕಲ್ಲ ಅಪ್ಪಾ" ಎಂದಳು.

ಮರುದಿನ ಹುಡುಕಿ ನೋಡಿದರೆ ಆ ಚುಕ್ಕೆಯ ಮೇಲೆ ಇನ್ನೂರಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ. ಅವರಿಗೊಂದು ಊರಿದೆ, ಶಾಲೆಯಿದೆ. ಒಪ್ಪಿಕೊಂಡೆ. ಅಂದಿನಿಂದ ನಾನು ಏನು ಹೇಳಿದರೂ "ನಿನಗೆ ಹೇಗೆ ಗೊತ್ತು, ನೋಡಿದ್ದೀಯಾ?" ಎಂಬ ಪ್ರಶ್ನೆ ಎದುರಾಗುತ್ತಿದೆ. ಆ ದ್ವೀಪಕ್ಕೆ ಅತಿ ಹತ್ತಿರದ ಜನವಸತಿಯಾದ ಸೇಂಟ್ ಹೆಲೆನಾ ಸುಮಾರು 2,400 ಕಿಲೋಮೀಟರ್ ದೂರದಲ್ಲಿದೆ ಎಂದರೆ, ಅದು ನೂರಕ್ಕಿಂತ ಜಾಸ್ತಿಯೇ ಎಂದು ಕೇಳುತ್ತಾಳೆ. ನಾನೇ ಕಾಣದ ದೂರವನ್ನು ಮಗುವಿಗೆ ನಂಬುವಂತೆ ತೋರಿಸುವುದು ಹೇಗೆ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ನೇರನುಡಿ
ಏಳು ವರ್ಷದ ಮಗುವಿಗೆ ದ್ವೀಪದ ಜನಗಣತಿ ಬೇಕಾಗಿಲ್ಲ ಸ್ವಾಮಿ. ಅದು ಮಲಗುವುದನ್ನು ಮುಂದೂಡಲು ಹೂಡಿದ ಉಪಾಯ. ಎಂಟೂವರೆಗೆ ಗೋಳವನ್ನು ಅಟ್ಟಕ್ಕೇರಿಸಿ, ನಿಮ್ಮ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇಬ್ಬರ ತಾಯಿ
ನೇರನುಡಿ ಅವರೇ, ಉಪಾಯವೇ ಇರಬಹುದು. ಆದರೆ ಮಲಗದಿರಲು ನೀರು ಕೇಳುವ ಮಕ್ಕಳಿದ್ದಾರೆ, ಕಥೆ ಕೇಳುವ ಮಕ್ಕಳಿದ್ದಾರೆ. ಈ ಮಗು ಅಟ್ಲಾಂಟಿಕ್ ಸಾಗರವನ್ನೇ ಕೇಳಿತೆಂದರೆ ಅದರಲ್ಲಿ ಏನೋ ಇದೆ ಎಂದು ಅರ್ಥ.

ನಿವೃತ್ತ ಮೇಷ್ಟ್ರು
"ಹೆಸರಿದ್ದರೆ ಕರೆಯುವವರು ಇರಬೇಕು" ಎಂಬ ತರ್ಕವನ್ನು ನನ್ನ ಮೂವತ್ತು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯ ಬಾಯಿಂದಲೂ ಕೇಳಿರಲಿಲ್ಲ. ಮೊದಲು ಆ ಮಗುವಿಗೆ ನನ್ನ ಶಾಭಾಸ್ ತಲುಪಿಸಿ.

"ನೋಡಿದ್ದೀಯಾ?" ಎಂಬ ಪ್ರಶ್ನೆಯ ಬಗ್ಗೆ ಒಂದು ಹಳೆಯ ಕಥೆ ನೆನಪಾಗುತ್ತದೆ. ಚೀನಾದ ಜಿನ್ ರಾಜವಂಶದಲ್ಲಿ 323ರಿಂದ 325ರವರೆಗೆ ಆಳಿದ ಮಿಂಗ್ ಎಂಬ ದೊರೆ ಚಿಕ್ಕವನಿದ್ದಾಗ, ತಂದೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚಾಂಗಾನ್ ನಗರ ದೂರವೋ ಸೂರ್ಯ ದೂರವೋ ಎಂದು ಕೇಳಿದನಂತೆ. ಸೂರ್ಯನ ಕಡೆಯಿಂದ ಬಂದವರು ಯಾರೂ ಇಲ್ಲ, ಆದ್ದರಿಂದ ಸೂರ್ಯನೇ ದೂರ ಎಂದು ಹುಡುಗ ಉತ್ತರಿಸಿದ. ತಂದೆಗೆ ಹಿಗ್ಗು. ಮರುದಿನ ಆಸ್ಥಾನಿಕರ ಎದುರು ಅದನ್ನೇ ಮತ್ತೆ ಕೇಳಿದರೆ, ಹುಡುಗ ಸೂರ್ಯ ಹತ್ತಿರ ಎಂದುಬಿಟ್ಟ. ತಂದೆಯ ಮುಖ ಬಿಳಿಚಿಕೊಂಡಿತು. ನಿನ್ನೆ ಹೇಳಿದ್ದಕ್ಕಿಂತ ಬೇರೆ ಹೇಳುತ್ತಿರುವೆಯಲ್ಲ ಎಂದಾಗ, ತಲೆಯೆತ್ತಿದರೆ ಸೂರ್ಯ ಕಾಣುತ್ತಾನೆ, ಚಾಂಗಾನ್ ಕಾಣುವುದಿಲ್ಲ ಎಂದನಂತೆ. ಅಂದು ಚಾಂಗಾನ್ ಅವರ ಕೈತಪ್ಪಿ ಪರರ ಪಾಲಾಗಿತ್ತು, ಆ ಮಾತು ಸಭೆಯಲ್ಲಿ ಎಷ್ಟು ಚುಚ್ಚಿರಬಹುದು ಎಂದು ಊಹಿಸಿಕೊಳ್ಳಿ. ಎರಡೂ ಉತ್ತರಗಳಲ್ಲಿ ಮಗು ದೂರವನ್ನು ಅಳೆದಿದೆ. ಮೊದಲನೆಯ ದಿನ ಅಳತೆಗೋಲು ಅಲ್ಲಿಂದ ಬಂದವರು, ಎರಡನೆಯ ದಿನ ಕಣ್ಣಿಗೆ ಕಾಣುವುದು. ಕಿಲೋಮೀಟರ್ ಎಂಬುದು ಮಕ್ಕಳಿಗೆ ಬಹಳ ತಡವಾಗಿ ಸಿಗುವ ಮೂರನೆಯ ಕೋಲು.

ಭೂಪಟಪ್ರಿಯ
ಮೇಷ್ಟ್ರ ಕಥೆ ಸೊಗಸಾಗಿದೆ, ಆದರೆ ಮೂರನೆಯ ಕೋಲನ್ನು ಮಗುವಿನ ಕೈಗೆ ಈಗಲೇ ಕೊಡಬಹುದು. ಅಪ್ಪನವರೇ, ನಿಮ್ಮ ಗೋಳದ ಅಡ್ಡಳತೆ ಎಷ್ಟು?

ನಿದ್ದೆಗೆಟ್ಟ ಅಪ್ಪ
ಈಗಷ್ಟೇ ಸ್ಕೇಲ್ ಹಿಡಿದು ನೋಡಿದೆ, ಸರಿಯಾಗಿ 30 ಸೆಂಟಿಮೀಟರ್ ಇದೆ.

ಭೂಪಟಪ್ರಿಯ
ಹಾಗಾದರೆ ಲೆಕ್ಕ ಸುಲಭ. ಭೂಮಿಯ ವ್ಯಾಸ 12,742 ಕಿಲೋಮೀಟರ್ ಆದ್ದರಿಂದ ನಿಮ್ಮ ಗೋಳದ ಮೇಲಿನ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿಲೋಮೀಟರ್. ಟ್ರಿಸ್ಟನ್ ದ್ವೀಪದವರ ನೆರೆಮನೆ ಐದೂವರೆ ಸೆಂಟಿಮೀಟರಿನಾಚೆ ಇದೆ, ಅಂದರೆ ಮಗಳ ಬೆರಳಿನಷ್ಟು ಉದ್ದ. ಜಗತ್ತಿನ ಅತಿ ಎತ್ತರದ ಎವರೆಸ್ಟ್ ಶಿಖರ ಅದೇ ಗೋಳದ ಮೇಲೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗ ಮಾತ್ರ, ಕೈಯಾಡಿಸಿದರೆ ಸಿಗುವುದೇ ಇಲ್ಲ. ಚಂದ್ರನನ್ನು ಇಡಬೇಕಾದದ್ದು ಗೋಳದಿಂದ ಒಂಬತ್ತು ಮೀಟರ್ ಆಚೆ. ಮನೆಯ ಒಳಗೆ ಅಷ್ಟು ಜಾಗ ಸಿಗದಿದ್ದರೆ ಮಗುವನ್ನು ಬಾಗಿಲಿನಿಂದ ಹೊರಗೆ ಕಳಿಸಿ, ಚೆಂಡು ಹಿಡಿದು ನಿಲ್ಲಿಸಿ. ದೂರ ಎಂದರೇನೆಂದು ಕಾಲಿಗೆ ತಿಳಿಯುತ್ತದೆ.

ಇನ್ನೊಂದು ವಿನಂತಿ. ಗೋಡೆಗೆ ತೂಗುಹಾಕುವ ಚಪ್ಪಟೆ ಭೂಪಟವನ್ನು ದಯವಿಟ್ಟು ಮಗುವಿಗೆ ತೋರಿಸಬೇಡಿ. 1569ರಲ್ಲಿ ಮರ್ಕೇಟರ್ ಹಾಕಿಕೊಟ್ಟ ಆ ಪದ್ಧತಿಯಲ್ಲಿ ಗ್ರೀನ್‌ಲೆಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು. ನಾನು ಇಪ್ಪತ್ತು ದಾಟುವವರೆಗೂ ಆ ಸುಳ್ಳನ್ನೇ ನಂಬಿದ್ದೆ.

ಹಡಗಿನವನು
ಮರ್ಕೇಟರನನ್ನು ಸುಮ್ಮನೆ ಬೈಯಬೇಡಿ. ಅವನು ಆ ಪಟವನ್ನು ಶಾಲೆಯ ಗೋಡೆಗೆಂದು ಬರೆದವನಲ್ಲ, ನಾವಿಕರಿಗೆಂದು ಬರೆದವನು. ಅದರ ಮೇಲೆ ನೇರ ಗೆರೆ ಎಳೆದರೆ, ದಿಕ್ಸೂಚಿಯ ಒಂದೇ ಕೋನವನ್ನು ಕೊನೆಯವರೆಗೂ ಹಿಡಿದು ಸಾಗಬಹುದು. ಅದಕ್ಕಾಗಿ ವಿಸ್ತೀರ್ಣದ ಅಳತೆಯನ್ನು ಬಲಿಕೊಟ್ಟಿದ್ದಾನೆ. ಹಡಗಿನ ಉಪಕರಣವನ್ನು ತಂದು ತರಗತಿಯಲ್ಲಿ ತೂಗುಹಾಕಿದವರ ತಪ್ಪಿಗೆ ಅವನೇನು ಮಾಡಿಯಾನು?

ಭೂಪಟಪ್ರಿಯ
ಒಪ್ಪಿದೆ. ನನ್ನ ಜಗಳ ಗೋಡೆಯ ಜೊತೆ, ಮರ್ಕೇಟರನ ಜೊತೆಯಲ್ಲ.

ಅಪ್ಪನವರು ಮಗಳಿಗೆ ಒಂದು ದಾರವನ್ನು ಕೊಟ್ಟು ಗೋಳದ ಮೇಲೆ ಲಂಡನ್ನಿನಿಂದ ಲಾಸ್ ಏಂಜಲೀಸಿಗೆ ಬಿಗಿಯಾಗಿ ಎಳೆದು ಹಿಡಿಯಲು ಹೇಳಲಿ. ದಾರ ತಾನಾಗಿ ಗ್ರೀನ್‌ಲೆಂಡಿನ ಮೇಲೆ ಹಾದುಹೋಗುತ್ತದೆ, ವಿಮಾನಗಳೂ ಬಹುಮಟ್ಟಿಗೆ ಆ ದಾರಿಯನ್ನೇ ಹಿಡಿಯುತ್ತವೆ. ಚಪ್ಪಟೆ ಪಟದಲ್ಲಿ ಅದು ಸುತ್ತುಬಳಸಿನ ಹಾದಿಯಂತೆ ತೋರುತ್ತದೆ. "ನಿನಗೆ ಹೇಗೆ ಗೊತ್ತು" ಎಂಬ ಪ್ರಶ್ನೆಗೆ ಇಲ್ಲಿ ಅಪ್ಪ ಉತ್ತರಿಸುವ ಅಗತ್ಯವೇ ಬರುವುದಿಲ್ಲ.

ಒಂದು ಸಾಲಿನವ
ನಾವು ಚಿಕ್ಕಂದಿನಲ್ಲಿ ನೆಲ ಅಗೆದು ಭೂಮಿಯ ಆಚೆ ಬದಿಗೆ ಹೋಗಲು ಹೊರಟಿದ್ದೆವು, ಮಂಡಿಯುದ್ದ ಅಗೆಯುವಷ್ಟರಲ್ಲಿ ಬೆನ್ನಿಗೆ ಏಟು ಬಿತ್ತು.

ನಿವೃತ್ತ ಮೇಷ್ಟ್ರು
ಮಂಡಿಯುದ್ದಕ್ಕೆ ನಾಚಿಕೆ ಪಡಬೇಡಿ. ಸೋವಿಯತ್ ವಿಜ್ಞಾನಿಗಳು 1970ರಲ್ಲಿ ಕೋಲಾ ಪರ್ಯಾಯದ್ವೀಪದಲ್ಲಿ ಕೊರೆಯಲು ಆರಂಭಿಸಿ, 1989ರ ಹೊತ್ತಿಗೆ 12,262 ಮೀಟರ್ ತಲುಪಿದರು. ತಳದಲ್ಲಿ ಕಾವು ಸುಮಾರು 180 ಡಿಗ್ರಿಗೆ ಏರಿ ಕೆಲಸ ಮುಂದುವರಿಯಲಿಲ್ಲ. ಭೂಪಟಪ್ರಿಯರ ಅಳತೆಯಲ್ಲಿ ಹೇಳುವುದಾದರೆ ಆ 30 ಸೆಂಟಿಮೀಟರ್ ಗೋಳದ ಮೇಲೆ ಅದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ಸೂಜಿಯಿಂದ ಗೀರಿದಂತೆ. ಇನ್ನು ಆಚೆ ಬದಿಗೆ ತಲುಪಿದ್ದರೂ ನಿಮ್ಮ ತಲೆ ಹೊರಬೀಳುವುದು ಹೆಚ್ಚಾಗಿ ಸಮುದ್ರದಲ್ಲೇ. ಸ್ಪೇನಿನಲ್ಲಿ ಅಗೆದವರು ನ್ಯೂಜಿಲೆಂಡಿನಲ್ಲಿ ಎದ್ದಾರು, ಅಂಥ ಅದೃಷ್ಟ ಎಲ್ಲರಿಗಿಲ್ಲ.

ಓದುವ ಹುಡುಗಿ
ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ. ಈ ಚರ್ಚೆಯಲ್ಲಿ ಎಲ್ಲರೂ, ಗೋಳವನ್ನು ನೋಡಿದ ಮಗುವಿಗೆ ಭೂಮಿ ಗೋಳ ಎಂದು ಅರ್ಥವಾಗಿದೆ ಎಂದುಕೊಂಡೇ ಮಾತನಾಡುತ್ತಿದ್ದೀರಿ. ಅದನ್ನೇ ಮೊದಲು ಪರೀಕ್ಷಿಸಬೇಕು ಎಂದು ನನಗನ್ನಿಸುತ್ತದೆ. ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ ಎಂಬ ಸಂಶೋಧಕರು ಅಮೆರಿಕದ 60 ಮಕ್ಕಳನ್ನು ಮಾತನಾಡಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಭೂಮಿಯ ಆಕಾರ ಯಾವುದೆಂದು ಕೇಳಿದಾಗ ದುಂಡಗಿದೆ ಎಂದ ಮಕ್ಕಳನ್ನೇ, ದಿನಗಟ್ಟಲೆ ನೇರವಾಗಿ ನಡೆದರೆ ಎಲ್ಲಿಗೆ ತಲುಪುತ್ತೀರಿ, ಅಂಚು ಸಿಗುತ್ತದೆಯೇ ಎಂದು ವಿಚಾರಿಸಿದಾಗ ಚಿತ್ರ ಬೇರೆಯೇ ಆಯಿತು. ಕೆಲವರ ಮನಸ್ಸಿನಲ್ಲಿ ಎರಡು ಭೂಮಿಗಳಿದ್ದವು, ನಾವು ನಿಂತಿರುವ ಚಪ್ಪಟೆ ನೆಲ ಒಂದು, ಆಕಾಶದಲ್ಲಿ ತೇಲುವ ದುಂಡನೆಯದು ಇನ್ನೊಂದು. ಇನ್ನು ಕೆಲವರ ಭೂಮಿ ಪೊಳ್ಳು ಚೆಂಡು, ಜನ ಅದರ ಒಳಗೆ ಸಮತಟ್ಟಾದ ನೆಲದ ಮೇಲೆ ಇದ್ದರು. ಹೊರಗಿದ್ದರೆ ಬಿದ್ದುಹೋಗುವುದಿಲ್ಲವೇ ಎಂಬುದು ಆ ಮಕ್ಕಳ ನ್ಯಾಯವಾದ ಕಾಳಜಿ.

ಆದ್ದರಿಂದ ದಾರ, ಸ್ಕೇಲು ತೆಗೆಯುವ ಮೊದಲು ಮಗಳನ್ನೇ ಕೇಳಿ ನೋಡಿ: ಟ್ರಿಸ್ಟನ್ ದ್ವೀಪದವರು ನಿಂತಾಗ ಅವರ ತಲೆ ಯಾವ ಕಡೆಗಿರುತ್ತದೆ?

ನೇರನುಡಿ
ಇಂಥ ಅಧ್ಯಯನಗಳ ಮೇಲೆ ನನಗೆ ನಂಬಿಕೆಯಿಲ್ಲ. ಮಗುವನ್ನು ಅಪರಿಚಿತರು ಕೂರಿಸಿಕೊಂಡು ಒಂದರ ಮೇಲೊಂದು ಪ್ರಶ್ನೆ ಹಾಕಿದರೆ, ಮೊದಲು ಹೇಳಿದ್ದು ತಪ್ಪಿರಬೇಕು ಎಂದುಕೊಂಡು ಅದು ಏನನ್ನಾದರೂ ಹೇಳುತ್ತದೆ. ಚಿತ್ರ ಬರೆಯಲು ಬಾರದಿದ್ದರೂ ಭೂಮಿ ಚಪ್ಪಟೆಯಾಗುತ್ತದೆ.

ಓದುವ ಹುಡುಗಿ
ನಿಮ್ಮ ಆಕ್ಷೇಪ ನಿಮ್ಮೊಬ್ಬರದೇ ಅಲ್ಲ ಸರ್. ಬ್ರಿಟನ್ನಿನ ಗೇವಿನ್ ನೋಬ್ಸ್ ಮತ್ತು ಅವರ ಸಂಗಡಿಗರು ಬಹುಮಟ್ಟಿಗೆ ಇದನ್ನೇ ವಾದಿಸಿದ್ದಾರೆ. ಚಿತ್ರ ಬರೆಸುವ ಬದಲು ಸಿದ್ಧ ಚಿತ್ರಗಳಲ್ಲಿ ಆರಿಸಲು ಹೇಳಿದಾಗ ಮಕ್ಕಳಿಗೆ ಹೆಚ್ಚು ತಿಳಿದಿರುವುದು ಕಂಡುಬಂತು. ಅದೇ ಬರೆಯುವ ಪರೀಕ್ಷೆಯನ್ನು ದೊಡ್ಡವರಿಗೆ ಕೊಟ್ಟಾಗ ಅವರಲ್ಲೂ ಕೆಲವರು ಮಕ್ಕಳಂತೆಯೇ ತಪ್ಪು ಬರೆದರು, ಪ್ರಶ್ನೆಗಳೇ ಗೊಂದಲವಾಗಿದ್ದವು. ಆದರೆ ತಲೆ ಯಾವ ಕಡೆಗೆ ಎಂದು ಅಪ್ಪ ಮಲಗುವ ಹೊತ್ತಿನಲ್ಲಿ ಕೇಳಿದರೆ ಅದು ಪರೀಕ್ಷೆಯಾಗುವುದಿಲ್ಲ, ಆಟವಾಗುತ್ತದೆ.

ನೇರನುಡಿ
ಸರಿ. ಉತ್ತರ ಬಂದರೆ ಇಲ್ಲಿ ಹಾಕಲಿ, ನನಗೂ ಈಗ ಕುತೂಹಲ ಹತ್ತಿದೆ.

ಇಬ್ಬರ ತಾಯಿ
ನೀವೆಲ್ಲ ದೂರವನ್ನು ಅಳೆಯುವ ಮಾತನ್ನೇ ಆಡುತ್ತಿದ್ದೀರಿ. ನನ್ನ ಮಗನಿಗೆ ದೂರ ಎಂದರೆ ಅವನ ಅಪ್ಪ ಇದ್ದ ಜಾಗವಾಗಿತ್ತು. ಅವರು ಎರಡು ವರ್ಷ ಬೇರೆ ದೇಶದಲ್ಲಿ ಕೆಲಸದಲ್ಲಿದ್ದರು. ಆಗ ಅವನಿಗೆ ಐದು ವರ್ಷ. ನಾನು ನಕ್ಷೆ ತೋರಿಸಿದೆ, ಅವನು ನೋಡಲೇ ಇಲ್ಲ. ಕೊನೆಗೆ ಗೋಡೆಯ ಮೇಲೆ ಎರಡನೆಯ ಗಡಿಯಾರವನ್ನು ಹಾಕಿ, ಇದು ಅಪ್ಪನ ಗಡಿಯಾರ ಎಂದು ಹೇಳಿದೆ. ಅಂದಿನಿಂದ ಅದರ ಮುಂದೆ ನಿಲ್ಲುವುದೇ ಅವನ ಕೆಲಸವಾಯಿತು. ಒಂದು ಮಧ್ಯಾಹ್ನ ತಂಗಿ ಅಳುತ್ತಿದ್ದಾಗ ಇವನು ಬಾಯಿಗೆ ಬೆರಳಿಟ್ಟು, "ಶ್, ಅಪ್ಪ ಇನ್ನೂ ಎದ್ದಿಲ್ಲ" ಎಂದು ಅವಳನ್ನು ಸುಮ್ಮನಾಗಿಸಿದ. ಐದು ವರ್ಷದ ಮಗುವಿಗೆ ಸಾವಿರಾರು ಕಿಲೋಮೀಟರ್ ಆಚೆಯ ನಿದ್ದೆ ಅಷ್ಟು ಹತ್ತಿರವಾಗಿತ್ತು.

ಆ ಗಡಿಯಾರದ ನಿಮಿಷದ ಮುಳ್ಳು ನಮ್ಮ ಗಡಿಯಾರದ ಮುಳ್ಳಿಗೆ ಹೊಂದುತ್ತಿರಲಿಲ್ಲ, ಅರ್ಧ ಗಂಟೆಯ ವ್ಯತ್ಯಾಸವಿತ್ತು. ಅದು ಕೆಟ್ಟಿದೆ ಎಂದು ಮಗ ಎರಡು ಬಾರಿ ಕುರ್ಚಿ ಹತ್ತಿ ಸರಿಮಾಡಿದ್ದ.

ಹಡಗಿನವನು
ತಾಯಿಯವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಮನೆಯಲ್ಲಿಯೂ ಅಂಥದೊಂದು ಗಡಿಯಾರ ಬೇಕಾಗಿತ್ತು, ಆದರೆ ಹಡಗಿನ ಸಮಯ ವಾರಕ್ಕೆರಡು ಬಾರಿ ಬದಲಾಗುತ್ತಿತ್ತು. ಮುಳ್ಳಿನ ವಿಷಯಕ್ಕೆ ಬಂದರೆ, ಅರ್ಧ ಗಂಟೆ ಮಾತ್ರವಲ್ಲ, ಮುಕ್ಕಾಲು ಗಂಟೆಯ ಲೆಕ್ಕವೂ ಇದೆ. ನೇಪಾಳದ ಸಮಯ ಗ್ರೀನಿಚ್‌ಗಿಂತ ಐದು ಮುಕ್ಕಾಲು ಗಂಟೆ ಮುಂದಿದೆ.

ಪೆಸಿಫಿಕ್ ಸಾಗರದಲ್ಲಿ ದಿನಾಂಕ ರೇಖೆಯನ್ನು ಪೂರ್ವದ ಕಡೆಗೆ ದಾಟಿದಾಗ ನಮಗೆ ಒಂದೇ ವಾರದಲ್ಲಿ ಎರಡು ಮಂಗಳವಾರ ಬಂದವು. ಅದನ್ನು ಮನೆಗೆ ಬಂದು ಹೇಳಿದಾಗ ಮಗಳು ಕೇಳಿದ್ದು ಒಂದೇ, ಎರಡು ದಿನವೂ ಶಾಲೆ ಇರುತ್ತದೆಯೇ ಎಂದು. ಈ ತೊಡಕು ಹೊಸದೇನಲ್ಲ. ಮೆಗಲನ್ನನ ತಂಡದಲ್ಲಿ ಅಳಿದುಳಿದವರು ಭೂಮಿಯನ್ನು ಸುತ್ತಿ 1522ರ ಜುಲೈನಲ್ಲಿ ಕೇಪ್ ವರ್ಡ್ ದ್ವೀಪಕ್ಕೆ ಬಂದಾಗ, ಅವರ ಲೆಕ್ಕದಲ್ಲಿ ಅಂದು ಬುಧವಾರ, ದಡದವರ ಲೆಕ್ಕದಲ್ಲಿ ಗುರುವಾರ. ದಿನಚರಿ ಬರೆಯುತ್ತಿದ್ದ ಪಿಗಾಫೆಟ್ಟಾ ಒಂದು ದಿನವನ್ನೂ ತಪ್ಪಿಸಿರಲಿಲ್ಲ, ಆದರೂ ಒಂದು ದಿನ ಕಾಣೆಯಾಗಿತ್ತು.

ಒಂದು ಸಾಲಿನವ
ಸಮೋವಾ ದೇಶದವರು 2011ರಲ್ಲಿ ದಿನಾಂಕ ರೇಖೆಯ ಪೂರ್ವದಿಂದ ಪಶ್ಚಿಮಕ್ಕೆ ಸೇರಿಕೊಂಡು ಡಿಸೆಂಬರ್ 30ನ್ನೇ ಬಿಟ್ಟುಬಿಟ್ಟರಲ್ಲ, ಆ ದಿನ ಹುಟ್ಟಿದ ಮಕ್ಕಳ ಗೋಳನ್ನು ಯಾರು ಕೇಳಿದರು?

ಕಿಟಕಿ ಪಕ್ಕದ ಸೀಟು
ನನ್ನ ಅಣ್ಣನ ಮಗನಂತೂ ಉತ್ತರ ಧ್ರುವದಲ್ಲಿ ಹಿಮಕರಡಿ ಮತ್ತು ಪೆಂಗ್ವಿನ್ ಒಟ್ಟಿಗೆ ಆಡುತ್ತವೆ, ಅಲ್ಲಿ ಆರು ತಿಂಗಳು ಕಗ್ಗತ್ತಲು ಎಂದು ಎಲ್ಲರಿಗೂ ಸಾರುತ್ತಾನೆ. ನಾವೂ ನಕ್ಕು ತಲೆಯಾಡಿಸುತ್ತೇವೆ.

ನಿವೃತ್ತ ಮೇಷ್ಟ್ರು
ತಲೆಯಾಡಿಸಬೇಡಿ, ಆಮೇಲೆ ಈ ಅಪ್ಪನ ಸ್ಥಿತಿಯೇ ನಿಮಗೂ ಬರುತ್ತದೆ. ಹಿಮಕರಡಿ ಉತ್ತರದ್ದು, ಅಂಟಾರ್ಕ್ಟಿಕಾದಲ್ಲಿರುವುದು ಪೆಂಗ್ವಿನ್. ಆರ್ಕ್ಟಿಕ್ ಎಂಬ ಹೆಸರೇ ಕರಡಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು, ಆದರೆ ಆ ಕರಡಿ ಹಿಮದ ಮೇಲಿನದಲ್ಲ, ಉತ್ತರದ ಆಕಾಶದ ನಕ್ಷತ್ರಪುಂಜ. ಕತ್ತಲೆಯ ವಿಷಯವೂ ಅರ್ಧ ಸರಿ. ಧ್ರುವದಲ್ಲಿ ಸೂರ್ಯ ವರ್ಷಕ್ಕೊಮ್ಮೆ ಹುಟ್ಟಿ ಒಮ್ಮೆ ಮುಳುಗುತ್ತಾನೆ ನಿಜ, ಆದರೆ ಮುಳುಗಿದ ಬಳಿಕ ವಾರಗಟ್ಟಲೆ ಸಂಜೆಬೆಳಕು ಉಳಿಯುತ್ತದೆ. ವಾರಗಟ್ಟಲೆ ಸಾಗುವ ಸಂಜೆ ಎಂದರೆ ಮಗುವಿಗೆ ಕಗ್ಗತ್ತಲಿಗಿಂತ ಹೆಚ್ಚು ರುಚಿಸುತ್ತದೆ, ಹೇಳಿ ನೋಡಿ.

ನಿದ್ದೆಗೆಟ್ಟ ಅಪ್ಪ
ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿಯ ವರದಿಯನ್ನು ಒಪ್ಪಿಸುತ್ತೇನೆ.

ಮೊದಲು ಓದುವ ಹುಡುಗಿಯವರ ಪ್ರಶ್ನೆ. ದ್ವೀಪದವರ ತಲೆ ಯಾವ ಕಡೆಗೆ ಎಂದು ಕೇಳಿದೆ. ಅವಳು ಗೋಳದ ಕೆಳಬದಿಗೆ ಒಂದು ಗುಂಡುಸೂಜಿಯನ್ನು ಹಿಡಿದು, ಕತ್ತು ವಾಲಿಸಿ ನೋಡಿ, ಕೊನೆಗೆ ಗೋಳವನ್ನೇ ಕಿತ್ತು ತಲೆಕೆಳಗು ಮಾಡಿದಳು. "ಈಗ ಸರಿಯಾಗಿದ್ದಾರೆ, ನಾವು ಬೀಳ್ತಿದ್ದೀವಿ" ಎಂದಳು. ಇದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿದವರು ಹೇಳಬೇಕು. ಗೋಳದ ಕಾಲು ಮುರಿದಿದೆ.

ಆಮೇಲೆ ದ್ವೀಪದ ಬಗ್ಗೆ ನಾನು ಓದಿದ್ದನ್ನು, ಓದಿದ್ದು ಎಂದೇ ಹೇಳಿ ತಿಳಿಸಿದೆ. ಅಲ್ಲಿ ವಿಮಾನ ಇಳಿಯಲು ಜಾಗವಿಲ್ಲ, ಕೇಪ್‌ಟೌನಿನಿಂದ ಹಡಗಿನಲ್ಲಿ ಸುಮಾರು ಒಂದು ವಾರದ ಪ್ರಯಾಣ ಎಂದೆ. 1961ರಲ್ಲಿ ಊರ ಪಕ್ಕದಲ್ಲೇ ಜ್ವಾಲಾಮುಖಿ ಎದ್ದಾಗ ಎಲ್ಲರನ್ನೂ ಇಂಗ್ಲೆಂಡಿಗೆ ಕರೆದೊಯ್ದರು, ಆದರೆ ಅವರಲ್ಲಿ ಹೆಚ್ಚಿನವರು 1963ರಲ್ಲಿ ಅದೇ ಚುಕ್ಕೆಗೆ ಮರಳಿದರು ಎಂದೆ. ಅಷ್ಟು ದೂರ ಏಕೆ ವಾಪಸ್ ಹೋದರು ಎಂದು ಕೇಳುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು, "ಅವರಿಗೆ ಅದು ದೂರ ಅಲ್ಲ ಅಲ್ವಾ?" ಎಂದು. ನನಗೆ ಮಾತು ಹೊರಡಲಿಲ್ಲ.

ಇಬ್ಬರ ತಾಯಿ
ನಿಮ್ಮ ಮಗಳಿಗೆ ನಮ್ಮ ಯಾರ ಸಲಹೆಯೂ ಬೇಕಿರಲಿಲ್ಲ.

ನೇರನುಡಿ
ಗೋಳವನ್ನು ಅಟ್ಟಕ್ಕೇರಿಸಿ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮುರಿದ ಕಾಲಿಗೆ ಅಂಟು ಸಾಲದು, ತಂತಿ ಕಟ್ಟಿ.

ಭೂಪಟಪ್ರಿಯ
ಕಾಲು ಇಲ್ಲದಿದ್ದರೇ ಒಳ್ಳೆಯದು, ಯಾವ ಬದಿಯನ್ನಾದರೂ ಮೇಲೆ ಮಾಡಿ ಹಿಡಿಯಬಹುದು. ಮೇಲೆ ಉತ್ತರ ಇರಬೇಕು ಎಂಬುದು ಬರೀ ರೂಢಿ.

ಇನ್ನೊಮ್ಮೆ ಅವಳು ನೀರಿನಲ್ಲಿ ಬೆರಳಿಟ್ಟು ಯಾರಿದ್ದಾರೆ ಎಂದು ಕೇಳಿದರೆ, ದಕ್ಷಿಣ ಪೆಸಿಫಿಕ್ ಸಾಗರದ ನೆಮೋ ಬಿಂದುವನ್ನು ತೋರಿಸಿ. ಯಾವ ದಿಕ್ಕಿಗೆ ಹೊರಟರೂ ನೆಲ ಸಿಗಲು ಕನಿಷ್ಠ 2,688 ಕಿಲೋಮೀಟರ್ ಹೋಗಬೇಕು, ನಿಮ್ಮ ಗೋಳದ ಮೇಲೆ ಆರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಗೋಳದಿಂದ ಒಂದು ಸೆಂಟಿಮೀಟರಿನಷ್ಟೂ ಮೇಲಿಲ್ಲ. ಅದು ಆ ಬಿಂದುವಿನ ಮೇಲೆ ಹಾದುಹೋಗುವಾಗ, ಯಾವುದಾದರೂ ಹಡಗು ಅಲ್ಲಿ ಇಲ್ಲದಿದ್ದರೆ, ಆ ಜಾಗಕ್ಕೆ ಅತಿ ಹತ್ತಿರದ ಮನುಷ್ಯರು ಗಗನಯಾತ್ರಿಗಳೇ.

ನಿದ್ದೆಗೆಟ್ಟ ಅಪ್ಪ
ತೋರಿಸಿದೆ. ಈ ಸಲ "ಅಲ್ಲಿ ಯಾರೂ ಇಲ್ಲ" ಎನ್ನಲಿಲ್ಲ, "ಹಡಗು ಇದ್ದರೂ ಇರಬಹುದು, ಗೊತ್ತಿಲ್ಲ" ಎಂದೆ. ಅವಳು ಬೆರಳನ್ನು ನೀರಿನಿಂದ ಒಂದು ಸೆಂಟಿಮೀಟರ್ ಮೇಲೆ ಹಿಡಿದು ನಿಧಾನವಾಗಿ ಗೋಳವನ್ನು ಒಂದು ಸುತ್ತು ಹಾಕಿಸಿದಳು. ನಂತರ, ಮೇಲಿರುವವರಿಗೆ ಈಗ ಎಷ್ಟು ಗಂಟೆ ಎಂದು ಕೇಳಿದಳು. ಈಗ ರಾತ್ರಿ ಹತ್ತೂಕಾಲು, ಅವಳು ಪಕ್ಕದಲ್ಲೇ ಕುಳಿತಿದ್ದಾಳೆ, ಯಾರಾದರೂ ಬೇಗ ಹೇಳಿ.

ಹಡಗಿನವನು
ಒಂದೂವರೆ ಗಂಟೆಗೊಂದು ಸುತ್ತು, ಹಾಗಾಗಿ ದಿನಕ್ಕೆ ಹದಿನಾರು ಬಾರಿ ಅವರಿಗೆ ಬೆಳಗಾಗುತ್ತದೆ. ಸೂರ್ಯನನ್ನು ನಂಬಿದರೆ ಕೆಲಸ ಕೆಡುತ್ತದೆಂದು ಅವರು ಗ್ರೀನಿಚ್‌ಗೆ ಹೊಂದುವ ಜಾಗತಿಕ ಸಮಯವನ್ನೇ ಇಟ್ಟುಕೊಂಡಿದ್ದಾರೆ. ಟ್ರಿಸ್ಟನ್ ಡ ಕುನ್ಹದ ಗಡಿಯಾರವೂ ಅದೇ ಸಮಯವನ್ನು ತೋರಿಸುತ್ತದೆ. ಪುಟ್ಟಿಗೆ ಹೇಳಿ, ಮೇಲಿನವರಿಗೂ ಆ ಚುಕ್ಕೆಯವರಿಗೂ ಈಗ ಒಂದೇ ಗಂಟೆ.